ಎರಡನೆಯ ಹೊಳ್ಳೆ

ಅಮೆಜಾನ್ ಕಾಡಿನ ನಡುವೆ, ಹೊಳೆಯೊಂದು ಮೊಣಕೈಯಂತೆ ಮಡಚಿಕೊಳ್ಳುವ ಜಾಗದಲ್ಲಿ ಒಂದು ಹಳ್ಳಿ ಇತ್ತು. ಅಲ್ಲಿ ತಮಾನಿ ಎಂಬ ಅಜ್ಜಿ ಇದ್ದಳು. ಊರಿಗೆಲ್ಲ ಅವಳೇ ವೈದ್ಯೆ, ಅವಳೇ ಪೂಜಾರಿ, ಜಗಳ ಬಿಡಿಸುವವಳೂ ಅವಳೇ. ಅವಳ ಮದ್ದುಗಳಲ್ಲೆಲ್ಲ ದೊಡ್ಡದು ನಶ್ಯ.

ನಶ್ಯ ಎಂದ ಕೂಡಲೇ ಡಬ್ಬಿ ತಟ್ಟಿ, ಚಿಟಿಕೆ ಏರಿಸಿ, ಮನೆ ನಡುಗುವಂತೆ ಸೀನುವ ನಿಮ್ಮ ತಾತನನ್ನು ನೆನೆಯಬೇಡಿ. ಇದು ಬೇರೆ. ಒಣಗಿದ ಹೊಗೆಸೊಪ್ಪನ್ನು ಕುಟ್ಟಿ, ವಸ್ತ್ರಗಾಳಿತ ಮಾಡಿ, ಅದಕ್ಕೆ ಒಂದು ಮರದ ತೊಗಟೆಯ ಬೂದಿ ಬೆರೆಸಿದ ಪುಡಿ. ಬೇಟೆಗೆ ಹೊರಡುವ ಮುಂಚೆ, ಮನಸ್ಸು ಕದಡಿದಾಗ, ಕೈಗೆ ಹತ್ತಿದ ಕೆಲಸವೆಲ್ಲ ಕೆಡುತ್ತಿರುವಾಗ ಅದನ್ನು ಏರಿಸಿಕೊಳ್ಳುತ್ತಿದ್ದರು. ಆದರೆ ಯಾರೂ ತಮಗೆ ತಾವೇ ಏರಿಸಿಕೊಳ್ಳುವಂತಿರಲಿಲ್ಲ. ಒಬ್ಬರು ಕೂರಬೇಕು. ಇನ್ನೊಬ್ಬರು ಉದ್ದನೆಯ ಊದುಗೊಳವೆಯಿಂದ ಅವರ ಮೂಗಿಗೆ ಊದಬೇಕು. ಮೊದಲು ಎಡ ಹೊಳ್ಳೆ, ಆಮೇಲೆ ಬಲ ಹೊಳ್ಳೆ. ಎರಡನ್ನೂ ಒಬ್ಬರೇ ಊದಬೇಕು. ಒಂದಕ್ಕೇ ನಿಲ್ಲಿಸಿದರೆ ಮದ್ದು ಅರ್ಧ ದಾರಿಯಲ್ಲಿ ಉಳಿಯುತ್ತದೆ ಎಂದು ಅವರ ನಂಬಿಕೆ. ಪುಡಿಯ ಜೊತೆ ಊದುವವರ ಮನಸ್ಸೂ ಒಳಗೆ ಹೋಗುತ್ತದೆ ಎಂದೂ ನಂಬಿದ್ದರು. ವೈದ್ಯರಿಗೆ ಕೈಗುಣ ಇರಬೇಕು ಎನ್ನುತ್ತೇವಲ್ಲ ನಾವು, ಅವರು ಉಸಿರುಗುಣ ಬೇಕು ಎನ್ನುತ್ತಿದ್ದರು ಎಂದಿಟ್ಟುಕೊಳ್ಳಿ.

ತಮಾನಿಯ ಶಿಷ್ಯ ಬಾನೆ. ಹನ್ನೊಂದು ಮಳೆಗಾಲದಿಂದ ಅವಳ ಬಳಿ ಕಲಿಯುತ್ತಿದ್ದ. ಅವನಷ್ಟು ನುಣ್ಣಗೆ ಪುಡಿ ಮಾಡುವವರು ಆ ಹೊಳೆಯುದ್ದಕ್ಕೂ ಇರಲಿಲ್ಲ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ.

ಶಿಷ್ಯನ ಕಲಿಕೆ ಮುಗಿಯಿತು ಎನ್ನಲು ಅಲ್ಲಿ ಒಂದೇ ಗುರುತು. ಗುರು ತಾನಾಗಿ ಬಂದು ಶಿಷ್ಯನ ಮುಂದೆ ಕೂತು, ತನ್ನ ಊದುಗೊಳವೆಯನ್ನು ಅವನ ಕೈಗಿಟ್ಟು, ಮೂಗು ಎತ್ತಿ ಕೊಡಬೇಕು. ಅಂದಿನಿಂದ ಆ ಊದುಗೊಳವೆ ಶಿಷ್ಯನದು. ಬಾನೆ ಆ ದಿನಕ್ಕಾಗಿ ಕಾಯುತ್ತಿದ್ದ. ಅಜ್ಜಿಗೆ ದಮ್ಮು ಕಡಿಮೆಯಾಗುತ್ತಿತ್ತು, ಇನ್ನೇನು ಇಂದೋ ನಾಳೆಯೋ ಎಂದು ಊರೂ ಅಂದುಕೊಂಡಿತ್ತು.

ಅಷ್ಟರಲ್ಲಿ ಬೂದಿಮರ ಸತ್ತಿತು.

ನಶ್ಯಕ್ಕೆ ಬೂದಿ ಕೊಡುವ ಮರ ಆ ಊರಿಗೆ ಒಂದೇ ಇತ್ತು. ಅದರ ತೊಗಟೆಯನ್ನು ಸೂರ್ಯ ಹುಟ್ಟುವ ಕಡೆಯಿಂದ ಮಾತ್ರ, ಅಂಗೈ ಅಗಲ ಮಾತ್ರ ಸುಲಿಯಬೇಕು. ಆಗ ಗಾಯ ಮಾಯುತ್ತದೆ, ಮರ ಉಳಿಯುತ್ತದೆ. ಆದರೆ ಬಾನೆಯ ತಂಗಿಯ ಗಂಡ ಇಸ್ಕು ಕಾಂಡದ ಸುತ್ತ ಬಳಸಿ ಸುಲಿದುಬಿಟ್ಟಿದ್ದ. ಅವನು ಬೇರೆ ಹೊಳೆಯ ಕಡೆಯವನು, ಮದುವೆಯಾಗಿ ಈ ಊರಿಗೆ ಬಂದವನು.

ಬಾನೆ ಕೆಂಡಾಮಂಡಲವಾದ. ಊರಿನ ದೊಡ್ಡ ಮನೆಯಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು, "ಬೂದಿಮರ ಕೊಂದವನು ಇನ್ನು ಬದುಕಿರೋವರೆಗೂ ಊದುಗೊಳವೆ ಮುಟ್ಟಬಾರದು. ಇದು ನನ್ನ ಮಾತು," ಎಂದ. ಜನ ತಲೆಯಾಡಿಸಿದರು. ಇಸ್ಕು ತಲೆ ತಗ್ಗಿಸಿ ಕೂತಿದ್ದ.

ಆಮೇಲೆ ಇಸ್ಕುವಿನ ಬೇಟೆಯೂ ಕೈಕೊಟ್ಟಿತು. ಬಿಟ್ಟ ಬಾಣವೆಲ್ಲ ಪೊದೆಗೆ. ಮೂರು ವಾರ ಬರಿಗೈಯಲ್ಲಿ ಬಂದ. ಅವನ ಹೆಂಡತಿ, ಎಂದರೆ ಬಾನೆಯ ತಂಗಿ, ಹಸಿ ಬಾಣಂತಿ. ಬರೀ ಬೇಯಿಸಿದ ಮರಗೆಣಸು ತಿಂದು ಅವಳ ಹಾಲು ಬತ್ತುತ್ತಾ ಬಂತು. ಕೊನೆಗೆ ಒಂದು ಬೆಳಗ್ಗೆ ಇಸ್ಕು ದೊಡ್ಡ ಮನೆಗೆ ಬಂದು ತಮಾನಿಯ ಮುಂದೆ ಕೂತ.

"ಅಜ್ಜಿ, ನನಗೆ ಊದು. ಕೈ ಕೆಟ್ಟಿದೆ."

ತಮಾನಿ ಕೆಮ್ಮಿದಳು. "ನನಗೆ ದಮ್ಮಿಲ್ಲ ಮಗ. ಬಾನೆ ಊದ್ತಾನೆ," ಎಂದು ತನ್ನ ಊದುಗೊಳವೆಯನ್ನೇ ಬಾನೆಯ ಕಡೆ ಚಾಚಿದಳು.

ಸುತ್ತ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾನೆಗೂ ಅರ್ಥವಾಯಿತು, ಅಜ್ಜಿ ತನ್ನನ್ನು ಒರೆಗೆ ಹಚ್ಚುತ್ತಿದ್ದಾಳೆ. ಅವನಿಗೆ ಅಳುಕೇನೂ ಇರಲಿಲ್ಲ. ಪುಡಿ ತನ್ನದು, ವಿದ್ಯೆ ತನ್ನದು. ಕೊಳವೆ ತುಂಬಿದ, ಇಸ್ಕುವಿನ ಎಡ ಹೊಳ್ಳೆಗೆ ಇಟ್ಟ, ಊದಿದ.

ಅದು ಊದಿದ್ದಲ್ಲ, ಹೊಡೆದದ್ದು. ಇಸ್ಕು ಹಿಂದಕ್ಕೆ ಬಿದ್ದ. ಉಸಿರು ಕಟ್ಟಿತು, ಕಣ್ಣು ಮೇಲಾಯಿತು, ಮೂಗಿನಿಂದ ರಕ್ತ ಇಳಿಯಿತು. ಇಬ್ಬರು ಬಂದು ಬೆನ್ನು ನೀವಿದ ಮೇಲೆ ಎದ್ದು ಕೂತ.

"ಪುಡಿ ಸ್ವಲ್ಪ ಖಾರ ಆಗಿರಬೇಕು," ಎಂದ ಬಾನೆ.

ತಮಾನಿ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ ಮೂಸಿದಳು. "ಪುಡಿ ಚೆನ್ನಾಗಿದೆ," ಎಂದಳು. ಅಷ್ಟೇ.

ಇಸ್ಕು ಅಂಗೈಯಿಂದ ಮೂಗು ಒರೆಸಿಕೊಂಡ. ಕಣ್ಣಲ್ಲಿ ಇನ್ನೂ ನೀರು ಸುರಿಯುತ್ತಿತ್ತು. ಮುಂದಕ್ಕೆ ಸರಿದು ಕೂತು, ಮುಖ ಓರೆ ಮಾಡಿ, ಬಲ ಹೊಳ್ಳೆಯನ್ನು ಬಾನೆಯ ಕಡೆಗೆ ಎತ್ತಿ ಹಿಡಿದ.

"ಇನ್ನೊಂದು ಬಾಕಿ ಇದೆ, ಭಾವ."

ಬಾನೆಗೆ ಅಚ್ಚರಿಯಾಯಿತು. "ಹೆದರಿಕೆ ಆಗಲ್ವಾ ನಿನಗೆ?"

"ಆಗತ್ತೆ. ಆದ್ರೆ ಎರಡನೇದನ್ನೂ ನೀನೇ ಊದ್ಬೇಕಲ್ಲ. ಮನೇಲಿ ಮಗು ಇದೆ."

ಬಾನೆ ಮತ್ತೆ ಕೊಳವೆ ತುಂಬಿದ. ತುಟಿಗೆ ಇಟ್ಟ. ಎದುರಿಗೆ ಇಸ್ಕುವಿನ ಮುಖ, ಏನೂ ಬಚ್ಚಿಡದ ಮುಖ. ಈ ಮುಖವನ್ನು ಹೀಗೆಯೇ ಒಮ್ಮೆ ನೋಡಿದ್ದು ಬಾನೆಗೆ ನೆನಪಾಯಿತು. ಮಳೆಗಾಲ ಮುಗಿದ ಹೊಸತರಲ್ಲಿ, ತನ್ನ ಮನೆಯ ಬಾಗಿಲಲ್ಲಿ. ಕೈಯಲ್ಲಿ ಕತ್ತಿ ಹಿಡಿದು ಇಸ್ಕು ಏನೋ ಕೇಳಿದ್ದ. ಏನು ಕೇಳಿದ್ದ ಎಂಬುದೂ ನೆನಪಾಯಿತು. ಬಾನೆ ಕೊಳವೆಯನ್ನು ಕೆಳಗಿಳಿಸಿ ಮಂಡಿಯ ಮೇಲೆ ಇಟ್ಟುಕೊಂಡ.

ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು. ಬಾನೆ ಹಾಗೇ ಕೂತಿದ್ದ. ಇಸ್ಕು ಮೂಗು ಎತ್ತಿಕೊಂಡು ಹಾಗೇ ಕೂತಿದ್ದ. ಯಾರೋ ಮುಸಿಮುಸಿ ನಕ್ಕರು. ತಮಾನಿ ಮಾತ್ರ ಹತ್ತಿ ನೂಲುತ್ತಾ ಇದ್ದಳು.

ಇಲ್ಲಿ ಎರಡು ದಾರಿ ಇದ್ದವು. ಸುಮ್ಮನೆ ಹಗುರವಾಗಿ ಊದಿಬಿಟ್ಟರೆ ಪರೀಕ್ಷೆಯೂ ದಾಟಿದಂತಾಯಿತು, ಊದುಗೊಳವೆಯೂ ಸಿಕ್ಕಿತು. ಇಸ್ಕುವಂತೂ ಬಾಯಿ ಬಿಡುವವನಲ್ಲ. ಇಷ್ಟು ದಿನ ಬಿಟ್ಟಿರಲಿಲ್ಲವಲ್ಲ. ಇನ್ನೊಂದು ದಾರಿ ಬಾನೆ ಹಿಡಿದದ್ದು.

"ತೊಗಟೆ ತರೋ ಕೆಲಸ ಅಜ್ಜಿ ನನಗೆ ಹೇಳಿದ್ದಳು," ಎಂದ ಎಲ್ಲರಿಗೂ ಕೇಳುವಂತೆ. "ನಾನು ಇವನನ್ನ ಕಳಿಸಿದೆ. 'ಹೇಗೆ ಸುಲಿಯೋದು ಭಾವ, ನಮ್ಮ ಕಡೆ ಈ ಮರ ಇಲ್ಲ, ಒಂದ್ಸಲ ಬಂದು ತೋರಿಸು' ಅಂತ ಕೇಳಿದ. ನಾನು ಪುಡಿ ಸೋಸ್ತಾ ಇದ್ದೆ. ಸರಿಯಾಗಿ ತಲೆ ಎತ್ತಿ ನೋಡಲೂ ಇಲ್ಲ. 'ಮರ ಸುಲಿಯೋದಕ್ಕೂ ಪಾಠ ಬೇಕಾ' ಅಂತ ನಕ್ಕುಬಿಟ್ಟೆ. ಮರ ಕೊಂದವನು ನಾನು. ಅಂಥವನು ಊದುಗೊಳವೆ ಮುಟ್ಟಬಾರದು ಅಂತ ನಾನೇ ಹೇಳಿದೀನಿ. ಈ ಒಂದು ಬಾಕಿ ತೀರಿಸಿ ಇಟ್ಟುಬಿಡ್ತೀನಿ."

ಯಾರೂ ನಗಲಿಲ್ಲ. ಬಾನೆಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು, ಆದರೆ ಎದೆಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊಳವೆ ಎತ್ತಿ, ಮಗುವಿನ ಕಣ್ಣಿಗೆ ಬಿದ್ದ ಧೂಳನ್ನು ಊದುವಷ್ಟು ಮೆಲ್ಲಗೆ ಊದಿದ. ಇಸ್ಕು ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟ. ಹೆಗಲು ಇಳಿಯಿತು. "ಈಗ ಸರಿಹೋಯ್ತು, ಭಾವ," ಎಂದ.

ಮರುದಿನವೇ ಅವನಿಗೆ ಬೇಟೆ ಸಿಕ್ಕಿತೇ ಎಂದು ಕೇಳುತ್ತೀರಿ. ಇಲ್ಲ. ಮೂರನೆಯ ದಿನ ಸಿಕ್ಕಿತು, ಒಳ್ಳೆ ಕೊಬ್ಬಿದ ಕಾಡುಹಂದಿ. ತಂಗಿಯ ಮನೆಯ ಒಲೆಯ ಮೇಲೆ ಸಾರು ಕುದಿಯಿತು.

ಬಾನೆ ಊದುಗೊಳವೆಯನ್ನು ಅಜ್ಜಿಗೆ ಒಪ್ಪಿಸಿ, ಇಸ್ಕುವನ್ನು ಕರೆದುಕೊಂಡು ದೋಣಿಯಲ್ಲಿ ಹೋದ. ಐದು ದಿನದ ದಾರಿಯಾಚೆಯಿಂದ ಬೂದಿಮರದ ನಾಲ್ಕು ಸಸಿ ತಂದು ಇಬ್ಬರೂ ನೆಟ್ಟರು. ಅವು ತೊಗಟೆ ಕೊಡುವ ಹೊತ್ತಿಗೆ ಇವರು ಮುದುಕರಾಗಿರುತ್ತಾರೆ. ಆದರೂ ಬಾನೆ ಅಲ್ಲೇ ನಿಂತು, ಯಾವ ಕಡೆಯಿಂದ ಸುಲಿಯಬೇಕು, ಎಷ್ಟು ಅಗಲ ಸುಲಿಯಬೇಕು ಎಂದು ಇಸ್ಕುವಿಗೆ ಕೈಯಲ್ಲಿ ಅಳತೆ ಮಾಡಿ ತೋರಿಸುತ್ತಿದ್ದ.

ಹಿಂದೆ ಕೆಮ್ಮು ಕೇಳಿಸಿತು. ತಮಾನಿ ಕೋಲೂರಿಕೊಂಡು ಬಂದಿದ್ದಳು. ಸಸಿಗಳ ಪಕ್ಕದ ಹಸಿ ಮಣ್ಣಿನ ಮೇಲೆಯೇ ಬಾನೆಯ ಎದುರು ಕುಕ್ಕರಿಸಿ ಕೂತಳು. ಊದುಗೊಳವೆಯನ್ನು ಅವನ ಕೈಗಿಟ್ಟಳು.

"ಅಜ್ಜಿ, ನಾನು ಮುಟ್ಟಬಾರದು..."

"ಆ ಮಾತು ನಿನ್ನ ಸಿಟ್ಟಿನದು, ಬಿಡು. ನೀನು ಪುಡಿ ಮಾಡೋದು ಯಾವಾಗಲೋ ಕಲಿತಿದ್ದೆ. ಊದೋದು ಮೊನ್ನೆ ಕಲಿತೆ," ಎಂದು ತಮಾನಿ ಮೂಗು ಎತ್ತಿದಳು. "ಬೇಗ ಊದು. ಮಂಡಿ ನೋಯ್ತಿದೆ."

ನೀತಿ: ಇನ್ನೊಬ್ಬರ ಮೇಲೆ ಸಿಟ್ಟು ಬಂದಾಗ ಅವರ ತಪ್ಪಿನಲ್ಲಿ ನಮ್ಮ ಪಾಲು ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಬೇಕು. ಅದನ್ನು ಬಾಯಿಬಿಟ್ಟು ಒಪ್ಪಿಕೊಂಡವನ ಕೈಯಿಂದ ಮಾತ್ರ ಮದ್ದು ಮದ್ದಾಗಿ ಒಳಗಿಳಿಯುತ್ತದೆ.