ಬೀಸುಕಲ್ಲಿನ ಅರ್ಧ ಸುತ್ತು

ಹಿರೇಕಣವಿಯ ಮಠಕ್ಕೆ ಗೋಪುರವಿಲ್ಲ. ಮಣ್ಣಿನ ಮಾಳಿಗೆಯ ಮನೆ, ಮುಂದೊಂದು ಬೇವಿನ ಗಿಡ, ಪಡಸಾಲೆಯಲ್ಲಿ ಒಂದು ಬೀಸುಕಲ್ಲು, ಇಷ್ಟೇ. ಪೂಜ್ಯ ಮಾತೋಶ್ರೀ ಚೆನ್ನವೀರಮ್ಮನವರು, ಭಕ್ತರ ಬಾಯಲ್ಲಿ ಅವ್ವನವರು, ಗದ್ದುಗೆಯ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ; ಆ ಕಲ್ಲಿನ ಮುಂದೆ ಕುಳಿತದ್ದನ್ನೇ ಎಲ್ಲರೂ ಕಂಡಿದ್ದರು. ದಾಸೋಹದ ರೊಟ್ಟಿಗೆ ಬೇಕಾದ ಜೋಳವನ್ನು ಅವರು ಮುಪ್ಪಿನಲ್ಲಿಯೂ ಕೈಯಾರೆ ಬೀಸುತ್ತಿದ್ದರು. ದರ್ಶನಕ್ಕೆ ಬಂದ ಹೆಣ್ಣುಮಕ್ಕಳು ಎದುರಿಗೆ ಕುಳಿತು ಕಲ್ಲಿನ ಗೂಟಕ್ಕೆ ಕೈ ಹಚ್ಚಬೇಕು, ಹೇಳಿಕೊಳ್ಳುವುದೇನಿದ್ದರೂ ಅಲ್ಲಿಯೇ ಹೇಳಿಕೊಳ್ಳಬೇಕು. ಗಂಡಸರಾದರೆ ಮೊರ ಹಿಡಿದು ಜೋಳ ಹಸನು ಮಾಡಬೇಕು. ಸುಮ್ಮನೆ ಕಾಲು ಮುಟ್ಟಿ ಹೋದರಾಯಿತು ಎಂದುಕೊಂಡ ದೊಡ್ಡಮನುಷ್ಯರು ಬೇವಿನ ಗಿಡದ ತನಕ ಬಂದು, ಒಳಗಿನ ಮೊರಗಳನ್ನು ಕಂಡು ಹಾಗೆಯೇ ತಿರುಗಿ ಹೋದದ್ದುಂಟು.

ಮಾಗಿಯ ಒಂದು ಮುಂಜಾನೆ ಅಲ್ಲಿಗೆ ಸುಗಂಧಾಬಾಯಿಯವರು ಬಂದರು. ಪಕ್ಕದೂರಿನ ಕನ್ನಡ ಶಾಲೆಯ ಶಿಕ್ಷಕಿ ಅವರು, ಊರವರಿಗೆಲ್ಲ ಅಕ್ಕೋರು. ಭಕ್ತಿಯಿಂದ ಬಂದವರಲ್ಲ. ಮಠಮಾನ್ಯಗಳ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಒಲ್ಲೆನೆಂದು ವಾದಿಸುವಷ್ಟು ತ್ರಾಣ ಉಳಿದಿರಲಿಲ್ಲ, ಆದ್ದರಿಂದ ಬಂದಿದ್ದರು.

ಕಳಿಸಿದವರು ಅದೇ ಶಾಲೆಯ ಮೌನೇಶಪ್ಪ ಮಾಸ್ತರರು. ಇಬ್ಬರಿಗೂ ಸೋರುವ ಮಾಡು ಒಂದೇ, ಗದರಿಸುವ ಸಾಹೇಬರು ಒಬ್ಬರೇ, ಮಕ್ಕಳ ಗದ್ದಲವೂ ಅಷ್ಟೇ. ಆದರೆ ಮಾಸ್ತರರು ಸಂಜೆ ಗಂಟೆ ಬಾರಿಸಿ, ಕೈಗೆ ಹತ್ತಿದ ಸೀಮೆಸುಣ್ಣ ತೊಳೆದುಕೊಂಡು ಮನೆಗೆ ಹೋದರೆ ಶಾಲೆ ಅಲ್ಲಿಯೇ ಉಳಿಯುತ್ತಿತ್ತು. ಅಕ್ಕೋರ ಬೆನ್ನಿಗೆ ಮಾತ್ರ ಇಡೀ ಶಾಲೆ ಮನೆಗೆ ಬರುತ್ತಿತ್ತು. ಒಂದು ಮಗುವಿಗೆ ಲೆಕ್ಕ ತಪ್ಪಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕರಿಹಲಗೆಯ ಮುಂದೆ ಮಗು ತುಸು ತಡವರಿಸಿದರೆ ಸಾಕು, ಅದರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ತಾವೇ ಮುಗಿಸಿಬಿಡುತ್ತಿದ್ದರು. ಹುಡುಗಿಯರು ಕಸ ಗುಡಿಸಿ ಹೋದ ಮೇಲೆ ಮೂಲೆಗಳನ್ನು ಮತ್ತೆ ಗುಡಿಸುತ್ತಿದ್ದರು. ಮಾಸ್ತರರು ಏನಾದರೂ ಹಂಚಿಕೊಳ್ಳಲು ಬಂದರೆ ಉತ್ತರ ತಯಾರೇ ಇರುತ್ತಿತ್ತು: "ಬ್ಯಾಡ್ರಿ ಮಾಸ್ತರ, ನಾನ ಮಾಡ್ತೀನಿ."

ಹೀಗೆ ವರ್ಷಗಟ್ಟಲೆ ಎಳೆದರು. ಮೊದಲು ನಿದ್ದೆ ಹೋಯಿತು. ಆಮೇಲೆ ಮಾತುಮಾತಿಗೆ ಸಿಟ್ಟು ಬರತೊಡಗಿತು. ಕೊನೆಗೆ ಆ ಸಿಟ್ಟೂ ಬರುವುದು ನಿಂತಿತು. ನಿಜವಾದ ಕೇಡು ಶುರುವಾದದ್ದು ಅಲ್ಲಿಂದಲೇ.

ಫಕೀರವ್ವ ಎಂಬ ಹುಡುಗಿ ಕೆಲವು ದಿನ ಶಾಲೆ ತಪ್ಪಿಸಿ ಬಂದು ಮೇಜಿನ ಹತ್ತಿರ ನಿಂತಳು. "ಅಕ್ಕೋರ, ನಮ್ಮವ್ವ ಹೋದ್ಲು" ಎಂದಳು. ಅಕ್ಕೋರು ತಲೆ ಎತ್ತಲಿಲ್ಲ. "ಕೂಡು, ಪಾಠ ತಗಿ" ಎಂದರು. ಹುಡುಗಿ ಕುಳಿತಳು, ಪಾಠ ತೆಗೆದಳು. ಮರುದಿನದಿಂದ ಬರಲಿಲ್ಲ.

ಸುಗಂಧಾಬಾಯಿಯವರಿಗೆ ಆ ಮಾತಿನ ಅರ್ಥ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಊಟಕ್ಕೆ ಕುಳಿತಾಗ. ಅಳು ಬರುತ್ತದೆಂದು ಕಾದರು. ಬರಲಿಲ್ಲ. ತಾಯಿ ಸತ್ತ ಮಗುವಿನ ಮುಂದೆ ಕರಗದ ಎದೆ ತಮ್ಮದಾಯಿತಲ್ಲ ಎಂದು ಅವರಿಗೆ ತಮ್ಮ ಬಗ್ಗೆಯೇ ಹೆದರಿಕೆಯಾಯಿತು. ಇಂಥವಳು ಮಕ್ಕಳ ಮುಂದೆ ನಿಲ್ಲಬಾರದು, ನೌಕರಿ ಬಿಡುತ್ತೇನೆ ಎಂದು ನಿಶ್ಚಯಿಸಿದರು. ಮೌನೇಶಪ್ಪನವರು, "ಬಿಡೂದಿದ್ರ ಬಿಡ್ರಿ. ಅದಕ್ಕ ಮೊದಲ ಒಮ್ಮೆ ಅವ್ವಾರ ಕಡೆ ಹೋಗಿ ಬರ್ರಿ" ಎಂದಿದ್ದರು.

ಯಾರು, ಎಲ್ಲಿಂದ ಬಂದೆ ಎಂದು ಅವ್ವನವರು ಕೇಳಲಿಲ್ಲ. ಕಣ್ಣಿನಲ್ಲಿಯೇ ಎದುರಿನ ಜಾಗ ತೋರಿಸಿದರು. ಇಬ್ಬರೂ ಗೂಟ ಹಿಡಿದರು.

ಎದುರಾಬದುರಾ ಕುಳಿತು ಬೀಸುವಾಗ ಅರ್ಧ ಸುತ್ತು ಒಬ್ಬರದು, ಇನ್ನರ್ಧ ಮತ್ತೊಬ್ಬರದು. ಒಬ್ಬರು ಎಳೆಯುವಾಗ ಇನ್ನೊಬ್ಬರು ಗೂಟದ ಮೇಲೆ ಬರೀ ಕೈ ಇಟ್ಟಿರಬೇಕು. ಸುಗಂಧಾಬಾಯಿಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವ್ವನವರ ಒಣಗಿದ ತೋಳುಗಳನ್ನು ಕಂಡು ಅವರ ಸ್ವಭಾವ ಸುಮ್ಮನಿರಲಿಲ್ಲ. ಪೂರಾ ಸುತ್ತನ್ನು ತಾವೇ ಎಳೆಯತೊಡಗಿದರು. ಎಳೆಯುತ್ತಲೇ ಎಲ್ಲವನ್ನೂ ಹೇಳಿದರು. ಫಕೀರವ್ವನ ಮಾತನ್ನೂ ಊರ ಸುದ್ದಿ ಹೇಳಿದಂತೆ ಒಣ ದನಿಯಲ್ಲಿ ಹೇಳಿ ಮುಗಿಸಿದರು. ಹೇಳುತ್ತ ಹೇಳುತ್ತ ಕಲ್ಲಿನ ಓಟ ಹೆಚ್ಚಿ, ಹಿಟ್ಟು ಬೀಳುವಲ್ಲಿ ನುಚ್ಚು ಬೀಳತೊಡಗಿತು.

ಅವ್ವನವರು ಗೂಟ ಬಿಟ್ಟರು. ಮಣಿಕಟ್ಟನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡರು.

"ನನ್ನ ಅರ್ಧ ಸುತ್ತು ನನಗ ಬಿಡವ್ವಾ, ತಂಗಿ" ಎಂದರು.

"ನಿಮಗ ತ್ರಾಸ ಆಗಬಾರದಂತ ಎಳದ್ನಿರಿ, ಅವ್ವಾರ."

"ನೀ ಎಳದದ್ದಕ್ಕ ತ್ರಾಸ ಆತು."

ಸುಗಂಧಾಬಾಯಿಯವರ ಕೈ ಅಲ್ಲಿಯೇ ನಿಂತಿತು. ತಾವು ಮಕ್ಕಳ ಕೈಯಿಂದ ತೆಗೆದುಕೊಂಡ ಸೀಮೆಸುಣ್ಣದ ತುಂಡುಗಳೆಲ್ಲ ನೆನಪಾದವು. ಆ ಮಕ್ಕಳು ತಲೆ ತಗ್ಗಿಸಿಕೊಂಡು ತಮ್ಮ ಜಾಗಕ್ಕೆ ಮರಳುತ್ತಿದ್ದುದೂ ನೆನಪಾಯಿತು. ಆಗ ಅದನ್ನು ಅವರು ವಿನಯವೆಂದು ತಿಳಿದಿದ್ದರು.

"ನನ್ನ ಗುಣಾನ ಇಂಥಾದ್ದು ಅವ್ವಾರ. ಇದನ್ನ ಎಲ್ಲಿ ಬಿಟ್ಟು ಬರ್ಲಿ?"

"ಗುಣ ಯಾಕ ಬಿಡ್ತಿ? ಕೈ ಗೂಟದ ಮ್ಯಾಲ ಇರ್ಲಿ. ನಿನ್ನ ಪಾಳಿ ಮುಗಿದ ಮ್ಯಾಲ ಬಲ ಬಿಡು, ಸಾಕು."

ಮತ್ತೆ ಬೀಸತೊಡಗಿದರು. ಕೇಳಲು ಸುಲಭವಾದ ಆ ಮಾತು ಕೈಗೆ ಬಹಳ ಕಠಿಣವಾಗಿತ್ತು. ಬಲ ಬಿಡಬೇಕಾದಲ್ಲಿ ತೋಳು ತಾನಾಗಿ ಬಿಗಿಯುತ್ತಿತ್ತು. ಅವ್ವನವರು ಕಲ್ಲು ನಿಲ್ಲಿಸಿ ಕಾಯುತ್ತಿದ್ದರು. ಹೊತ್ತು ಏರಿದ ಮೇಲೆ ಒಂದು ಸುತ್ತು ಸರಿಯಾಯಿತು. ಬೇರೊಬ್ಬರ ಬಲದಲ್ಲಿ ತಮ್ಮ ಕೈ ಹಗುರಾಗಿ ಸಾಗಿಹೋದಾಗ, ತಾವೆಷ್ಟು ದಣಿದಿದ್ದೇವೆಂಬುದು ಸುಗಂಧಾಬಾಯಿಯವರಿಗೆ ಮೊದಲ ಸಲ ತಿಳಿಯಿತು. ಕಲ್ಲಿನ ಸುತ್ತ ನುಣ್ಣನೆಯ ಹಿಟ್ಟು ಬಿದ್ದಿತು.

ಹೊರಡುವಾಗ, "ಆ ಹುಡಿಗಿಗೆ ನಾ ಏನ್ ಹೇಳ್ಲಿರಿ?" ಎಂದು ಕೇಳಿದರು.

"ಏನೂ ಹೇಳಬ್ಯಾಡ. ಆಕಿ ಹೇಳಿದ್ದನ್ನ ನೀ ಇನ್ನೂ ಕೇಳಿಲ್ಲ" ಎಂದರು ಅವ್ವನವರು.

ಸುಗಂಧಾಬಾಯಿಯವರು ಮನೆಗೆ ಹೋಗದೆ ನೇರ ಫಕೀರವ್ವನ ಗುಡಿಸಲಿಗೆ ಹೋದರು. ಅಪ್ಪ ಹೊಲಕ್ಕೆ ಹೋಗಿದ್ದ. ಹುಡುಗಿ ಒಬ್ಬಳೇ ಕುಳಿತು ತಾಯಿಯ ಬೀಸುಕಲ್ಲನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದಳು. ಅಕ್ಕೋರನ್ನು ಕಂಡು ಗಾಬರಿಯಾಗಿ ಏಳಹೋದಳು. ಅಕ್ಕೋರು ಬೇಡವೆಂದು ಸನ್ನೆ ಮಾಡಿ ಎದುರಿಗೆ ಕುಳಿತು ಗೂಟ ಹಿಡಿದರು. ಆ ಎಳೆಯ ಕೈಯಿಂದ ಕಲ್ಲನ್ನು ಕಸಿದು ಒಂದೇ ಉಸಿರಿಗೆ ಬೀಸಿ ಮುಗಿಸಿಬಿಡಬೇಕೆಂದು ಅವರ ತೋಳು ತುಡಿಯಿತು. ಹಲ್ಲು ಕಚ್ಚಿ ತಡೆದುಕೊಂಡರು. ತಮ್ಮ ಅರ್ಧ ಎಳೆದು ಬಲ ಬಿಟ್ಟರು. ತುಸು ತಡೆದು, ಹುಡುಗಿ ತನ್ನ ಅರ್ಧ ಎಳೆದಳು.

ಹಾಗೆಯೇ ಎಷ್ಟೋ ಸುತ್ತು ನಡೆಯಿತು. ಆಮೇಲೆ ಫಕೀರವ್ವ ಕಲ್ಲಿನ ಮೇಲಿನ ಕಣ್ಣು ತೆಗೆಯದೆ, "ಅಕ್ಕೋರ, ನಮ್ಮವ್ವ ಹೋದ್ಲು" ಎಂದಳು.

"ಹೂಂನವ್ವಾ. ಹೋದ್ಲು" ಎಂದರು ಸುಗಂಧಾಬಾಯಿಯವರು. ಅಷ್ಟು ಅಂದವರೇ ಗೂಟದ ಮೇಲೆ ಹಣೆಯಿಟ್ಟು ಅತ್ತರು. ಹುಡುಗಿಯೂ ಅತ್ತಳು. ಗೂಟ ಮಾತ್ರ ಬಿಡಲಿಲ್ಲ; ಅಕ್ಕೋರ ಪಾಳಿಗಾಗಿ ಕಾಯುತ್ತ ಹಾಗೆಯೇ ಹಿಡಿದುಕೊಂಡಿದ್ದಳು.

ನೌಕರಿ ಬಿಡುವ ಮಾತನ್ನು ಸುಗಂಧಾಬಾಯಿಯವರು ಮತ್ತೆ ಎತ್ತಲಿಲ್ಲ. ದಣಿವು ಪೂರಾ ಹೋಯಿತೆಂದಲ್ಲ. ಶಾಲೆಯ ಮಾಡು ಸೋರುತ್ತಲೇ ಇತ್ತು. ಫಕೀರವ್ವ ಮನೆಗೆಲಸ ಬಿಡುವು ಕೊಟ್ಟ ದಿನ ಶಾಲೆಗೆ ಬಂದಳು, ಕೊಡದ ದಿನ ಬರಲಿಲ್ಲ. ಮುಂದಿನ ವರ್ಷ ಬರುವುದೇ ನಿಂತಿತು. ಖಾಲಿಯಾದ ಆ ಜಾಗ ಕಂಡಾಗಲೆಲ್ಲ ಅಕ್ಕೋರಿಗೆ ಕಣ್ಣೀರು ಬರುತ್ತಿತ್ತಂತೆ. ಕಣ್ಣೀರು ಬಂತಲ್ಲ ಎಂದು ಅವರು ಹಿರೇಕಣವಿಯ ದಿಕ್ಕಿಗೆ ತಿರುಗಿ ಕೈಮುಗಿಯುತ್ತಿದ್ದರಂತೆ.