ಬೊಳ್ಳಿ ಕರೆದ ದಿಣ್ಣೆ

ಮೂಡಗಾಡಿನ ಅಂಚಿನಲ್ಲಿ, ಬಿದಿರುಮೆಳೆಗಳು ಮುಗಿಯುವಲ್ಲಿ, ಒಂದು ದಿಣ್ಣೆಯಿದೆ. ಅದರ ನೆತ್ತಿಯ ಮೇಲೆ ಈಗ ಹೆಂಚು ಹೊದಿಸಿದ ಸಂಸ್ಕೃತಿ ಕೇಂದ್ರ. ಸುತ್ತಲ ಬುಡಕಟ್ಟಿನವರ ಹಾಡಿಗಳ ಮಕ್ಕಳು ಅಲ್ಲಿ ಸೇರಿ ಕಾಡಿನ ಹಳೆಯ ನುಡಿಯನ್ನು ಕಲಿಯುತ್ತಾರೆ. ಆ ಜಾಗಕ್ಕೆ ಇಂದಿಗೂ ಬೊಳ್ಳಿ ಕರೆದ ದಿಣ್ಣೆ ಎಂದೇ ಹೆಸರು.

ಹಿಂದೆ ಒಮ್ಮೆ ಇದರ ಬುಡದಲ್ಲಿ ಜೇನು ಕೀಳುವವರ ಹಾಡಿಯೊಂದಿತ್ತು. ಅವರ ನುಡಿಯೇ ಬೇರೆ. ಒಂದು ಬೇಸಿಗೆಯಲ್ಲಿ ಹಾಡಿಗೆ ಸಿಡುಬು ಹೊಕ್ಕಿತು. ಬೊಳ್ಳಿ ಎಂಬ ಹುಡುಗಿಯ ತಾಯಿ, ಮಗನಾದರೂ ಬದುಕಲೆಂದು, ಆಗಷ್ಟೇ ಮಾತು ಕಲಿಯುತ್ತಿದ್ದ ಮುತ್ತನನ್ನು ಬಯಲಿನಿಂದ ಬಂದ ಉಪ್ಪಿನ ಗಾಡಿಯವರ ಮಡಿಲಿಗೆ ಹಾಕಿ ಕಳಿಸಿದಳು. ಮಳೆ ಹಿಡಿಯುವ ಹೊತ್ತಿಗೆ ಹಾಡಿಯಲ್ಲಿ ಉಳಿದವಳು ಬೊಳ್ಳಿಯೊಬ್ಬಳೇ. ಕೆಳಗಿನ ಊರಿನವರು ಕರೆದರೂ ಅವಳು ಹೋಗಲಿಲ್ಲ. ದಿನವೂ ಹೊತ್ತು ಮುಳುಗುವಾಗ ದಿಣ್ಣೆಯೇರಿ, ಉಣ್ಣಲು ಕರೆಯುವಂತೆ, ಸತ್ತವರನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದಳು. ಎಲ್ಲರ ಕೊನೆಗೆ ತಮ್ಮನನ್ನು.

ಸೌದೆಗೆ ಬಂದ ಹೆಂಗಸೊಬ್ಬಳು, “ಯಾರೂ ಇಲ್ಲವಲ್ಲೇ ತಾಯಿ, ಯಾರನ್ನು ಕರೀತೀಯೆ?” ಎಂದು ಕೇಳಿದಳಂತೆ.

“ನಾನೂ ಕರೀದಿದ್ರೆ ಈ ಹೆಸರುಗಳನ್ನು ಇನ್ಯಾರು ಕರೀತಾರೆ?” ಎಂದು ಬೊಳ್ಳಿ ಹರಕುಮುರುಕು ಊರಮಾತಿನಲ್ಲಿ ಹೇಳಿದಳು ಎನ್ನುತ್ತಾರೆ.

ಅವಳ ತಲೆ ನರೆಯತೊಡಗಿದ ಮೇಲೆ ಒಂದು ಸಂಜೆ ಆ ದಾರಿಯಲ್ಲಿ ಉಪ್ಪಿನ ಗಾಡಿಯೊಂದು ಬಂದಿತು. ಹೊಡೆಯುತ್ತಿದ್ದವನು ಮುತ್ತ, ಬಯಲಿನವರು ಅವನಿಗೆ ಬೇರೆ ಹೆಸರಿಟ್ಟು ಸಾಕಿದ್ದರು. “ಮುತ್ತಾ…” ಎಂದು ಎಳೆದು ಕರೆದ ಆ ದನಿ ಕಿವಿಗೆ ಬಿದ್ದದ್ದೇ ತಡ, ಎತ್ತುಗಳನ್ನು ಅಲ್ಲೇ ಬಿಟ್ಟು ದಿಣ್ಣೆಗೆ ಓಡಿದ. ಬೊಳ್ಳಿ ಅವನ ಮುಖ ಸವರಿ ತಮ್ಮ ನುಡಿಯಲ್ಲಿ ಒಂದೇ ಉಸಿರಿಗೆ ಏನೇನೋ ಕೇಳಿದಳು. ಅವನು ಬಹಳ ಹೊತ್ತು ಕೇಳಿಸಿಕೊಂಡು, “ಅಕ್ಕಾ, ನನಗೆ ಒಂದೂ ತಿಳೀತಾ ಇಲ್ಲ,” ಎಂದ. ಅಷ್ಟು ವರ್ಷ ಒಂಟಿಯಾಗಿದ್ದೂ ಅಳದವಳು ಅಂದು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಅವನನ್ನು ಎದುರಿಗೆ ಕೂರಿಸಿಕೊಂಡು, ಮಗುವಿಗೆ ಕಲಿಸುವಂತೆ, ನೀರಿಗೆ ಏನೆನ್ನುತ್ತಾರೆ, ಬೆಂಕಿಗೆ ಏನೆನ್ನುತ್ತಾರೆ ಎಂದು ಹೇಳಿಕೊಡತೊಡಗಿದಳು. ಮುತ್ತ ಗಾಡಿ ಮಾರಿ ಅಲ್ಲೇ ನಿಂತ. ಮಾತು ಕೂಡಿತು, ಕತೆಗಳು ಬಂದವು. ಜೇನು ಕೀಳುವಾಗಿನ ಹಾಡನ್ನು ಕಲಿಸುತ್ತಿದ್ದಾಗ ಬೊಳ್ಳಿಗೆ ಜ್ವರ ಬಂತು, ಅದರಲ್ಲೇ ತೀರಿಕೊಂಡಳು. ಮುತ್ತ ದಿಣ್ಣೆಯ ಮೇಲೆ ಹುಲ್ಲಿನ ಚಪ್ಪರ ಹಾಕಿ, ಹೊಸದಾಗಿ ಬಂದು ನೆಲೆಸಿದ ಹಾಡಿಗಳ ಮಕ್ಕಳನ್ನು ಕರೆದು ಕೂರಿಸಿಕೊಂಡ.

ಈಗಲೂ ನೋಡಲು ಬಂದವರ ಮುಂದೆ ಮಕ್ಕಳು ಆ ಹಾಡನ್ನು ಹಾಡುತ್ತಾರೆ. ಹಾಡಿನಲ್ಲಿ ಜೇನಿಗೆಂದು ಹಗ್ಗ ಹಿಡಿದವನು ಬಂಡೆಯ ಅರ್ಧಕ್ಕೆ ಇಳಿದಿರುತ್ತಾನೆ. ಅಲ್ಲಿಗೆ ಎಲ್ಲರೂ ಥಟ್ಟನೆ ನಿಲ್ಲಿಸುತ್ತಾರೆ. ಮರೆತರೇನೋ ಎಂದು ಬಂದವರು ಕಾಯುತ್ತಾರೆ. ಬೊಳ್ಳಿ ಕಲಿಸಿದ್ದು ಅಲ್ಲಿಯವರೆಗೇ, ಮುಂದಿನದನ್ನು ಯಾರೂ ಕಟ್ಟಿ ಸೇರಿಸಿಲ್ಲ. ಮಕ್ಕಳು ಎದ್ದು ಮನೆಗೆ ಹೋಗುತ್ತಾರೆ.