ಮೊಹರು ಕಲಿತ ಹೊಸ ಮಾತು

ಪುರಸಭೆಯ ಅರ್ಜಿ ಮೇಜಿನ ಮೇಲೆ ಒಂದು ರಬ್ಬರ್ ಮೊಹರು, ಒಂದು ಕೆಂಪು ಪೆನ್ಸಿಲ್ ಇದ್ದವು. ತಪ್ಪಿರುವ ಅರ್ಜಿಗೆಲ್ಲ ಮೊಹರು ‘ತಿರಸ್ಕೃತ’ ಎಂದು ಒತ್ತುತ್ತಿತ್ತು. ಬೇರೇನೂ ಹೇಳುತ್ತಿರಲಿಲ್ಲ, ಏಕೆಂದರೆ ಅದರ ಮೈಮೇಲೆ ಕೆತ್ತಿದ್ದು ಅಷ್ಟೇ. ಪೆನ್ಸಿಲ್ ಮಾತ್ರ ಪಕ್ಕದಲ್ಲಿ ‘ನಾಲ್ಕನೇ ಕಲಂನಲ್ಲಿ ವಯಸ್ಸು ಬರೆದಿಲ್ಲ’ ಎಂದು ತಪ್ಪನ್ನು ತೋರಿಸುತ್ತಿತ್ತು. ಜನ ಮೊಹರನ್ನು ಕಂಡು ಮುಖ ಸಿಂಡರಿಸಿ, ಪೆನ್ಸಿಲಿನ ಬರಹ ಓದಿ ಸಮಾಧಾನದಿಂದ ಹೋಗುತ್ತಿದ್ದರು. ಮೊಹರಿಗೆ ಹೊಟ್ಟೆ ಉರಿಯಿತು.

“ಸವೆದು ಬೆರಳುದ್ದ ಆಗಿದ್ದೀಯ, ನಿನಗೇಕಯ್ಯಾ ಇಷ್ಟು ಮರ್ಯಾದೆ? ನಾಲ್ಕು ಮಾತು ಹೆಚ್ಚಿಗೆ ಆಡುತ್ತೀಯ, ಅಷ್ಟೇ ತಾನೆ? ನಾನೂ ಆಡಬಲ್ಲೆ” ಎಂದಿತು.

ಅದು ಗುಮಾಸ್ತನನ್ನು ಕಾಡಿ ಬೇಡಿ ತನ್ನ ಮೈಮೇಲೆ ‘ವಯಸ್ಸು ಇಲ್ಲ, ಫೋಟೋ ಇಲ್ಲ, ವಿಳಾಸ ತಪ್ಪು’ ಎಂದು ಕೆತ್ತಿಸಿಕೊಂಡಿತು. ಪೆನ್ಸಿಲನ್ನು ಡ್ರಾಯರಿಗೆ ತಳ್ಳಿತು.

ಮರುದಿನ ಹೂ ಮಾರುವ ಸಣ್ಣತಾಯಮ್ಮ ಮಳಿಗೆಗಾಗಿ ಅರ್ಜಿ ಕೊಟ್ಟಳು. ಮೂರು ದಿನದೊಳಗೆ ಅದು ಸರಿಯಾಗದಿದ್ದರೆ ಮಳಿಗೆ ಕೈತಪ್ಪುತ್ತಿತ್ತು. ಅರ್ಜಿಯಲ್ಲಿ ಸಹಿಯೊಂದೇ ಬಾಕಿ. ಮೊಹರು ಹೆಮ್ಮೆಯಿಂದ ತನ್ನ ಹೊಸ ಮಾತನ್ನು ಒತ್ತಿತು. ಅವಳು ಮೊದಲೇ ಅಂಟಿಸಿದ್ದ ಫೋಟೋ ಕಿತ್ತು ಬೇರೆಯದು ಅಂಟಿಸಿದಳು, ಸರಿಯಿದ್ದ ವಿಳಾಸ ತಿದ್ದಿದಳು. ಸಹಿ ಹಾಕಲಿಲ್ಲ, ಏಕೆಂದರೆ ಸಹಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಮೂರು ದಿನವೂ ಅದೇ ಮುದ್ರೆ ಬಿತ್ತು. ಮಳಿಗೆ ಬೇರೆಯವರ ಪಾಲಾಯಿತು.

“ನಿನಗಿಂತ ಹೆಚ್ಚೇ ಹೇಳಿದ್ದೆ. ಆದರೂ ಅವಳು ನನಗೇ ಶಾಪ ಹಾಕಿ ಹೋದಳಲ್ಲ” ಎಂದಿತು ಮೊಹರು.

“ಅವಳ ಅರ್ಜಿಯಲ್ಲಿ ಏನು ಬರೆದಿತ್ತು?” ಎಂದು ಪೆನ್ಸಿಲ್ ಡ್ರಾಯರಿನೊಳಗಿಂದ ಕೇಳಿತು.



“ಅದನ್ನು ಓದಲೂ ಬೇಕಿತ್ತೇ?” ಎಂದಿತು ಮೊಹರು.